ದಫೇದಾರನ ಮೂಗು, ನನ್ನ ಮುಖ

ನನ್ನನ್ನು ಎಳೆದಾಡಿದವರ ಪಟ್ಟಿ ಸಣ್ಣದೇನಲ್ಲ. ಚಿಕ್ಕಂದಿನಲ್ಲಿ ಕೊಟ್ಟೂರಿನ ಸೋದರಮಾವ ಕಿವಿ ಹಿಡಿದು ಎಳೆದಾಡಿದರು. ನೌಕರಿಗೆ ಸೇರಿದ ಮೇಲೆ ಮೇಲಿನವರು ಕೂಡ್ಲಿಗಿಯಿಂದ ಹರಪನಹಳ್ಳಿಗೆ, ಅಲ್ಲಿಂದ ಹಗರಿಬೊಮ್ಮನಹಳ್ಳಿಗೆ, ಅಲ್ಲಿಂದ ಹಡಗಲಿಗೆ ಎಳೆದಾಡಿದರು. ಮದುವೆಯಾದ ಮೇಲೆ ಹೆಂಡತಿ ಗಿರಿಜಾ, ಒಂದು ಕುಪ್ಪಸದ ಬಟ್ಟೆಗೆ ಹೊಂದುವ ದಾರದುಂಡೆಗಾಗಿ, ಏಳು ಅಂಗಡಿ ಎಳೆದಾಡಿದಳು. ಇವರೆಲ್ಲ ಎಳೆಯುವಾಗ ನಾನು ತಲೆ ತಗ್ಗಿಸಿಕೊಂಡು ಹಿಂದೆ ಹಿಂದೆ ಹೋಗುತ್ತಿದ್ದದ್ದರಿಂದ ನೋಡಿದವರಿಗೆ ನಾನು ಸ್ವಂತ ಇಷ್ಟದಿಂದಲೇ ನಡೆಯುತ್ತಿದ್ದೇನೆ ಅನ್ನಿಸುತ್ತಿತ್ತು. ಆ ಮರ್ಯಾದೆಯನ್ನೂ ಕಳೆದದ್ದು ನಾನೇ ಅನ್ನ ಹಾಕಿ ಸಾಕಿದ ನಾಯಿ. ಅದು ನನ್ನನ್ನು ಹಾಡುಹಗಲೇ, ನಡುಬೀದಿಯಲ್ಲಿ, ಒಂದು ಚಪ್ಪಲಿ ಹಿಂದೆ ಬಿಟ್ಟು ಬರುವ ವೇಗದಲ್ಲಿ ಎಳೆಯುತ್ತಿತ್ತು. ಹಗ್ಗದ ಒಂದು ತುದಿ ಅದರ ಕೊರಳಲ್ಲಿ, ಇನ್ನೊಂದು ತುದಿ ನನ್ನ ಕೈಯಲ್ಲಿ ಇದ್ದದ್ದು ನಿಜ. ಯಾರು ಯಾರನ್ನು ಕಟ್ಟಿಕೊಂಡು ಹೊರಟಿದ್ದಾರೆ ಎಂಬುದರಲ್ಲಿ ಮಾತ್ರ ಊರಿನವರಿಗೆ ಅನುಮಾನವಿರಲಿಲ್ಲ.

ಆಗ ನಾನು ಹಡಗಲಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿದ್ದೆ. ಮೊಬೈಲು ಇನ್ನೂ ನಮ್ಮ ಕಡೆ ಬಂದಿರಲಿಲ್ಲ. ಫೋನು ಸತ್ತರೆ ಜನ ಎಕ್ಸ್‌ಚೇಂಜಿಗೆ ಬಂದು ನನ್ನನ್ನು ಬೈಯುತ್ತಿದ್ದರು. ಬದುಕಿದ್ದರೆ ಮನೆಯಲ್ಲೇ ಕೂತು ಫೋನಿನಲ್ಲಿ ಬೈಯುತ್ತಿದ್ದರು. ನನ್ನನ್ನು ನೋಡಿದರೆ ಬಾಲ ಅಲ್ಲಾಡಿಸುವ ಒಂದು ಜೀವವಾದರೂ ಇರಲಿ ಎಂಬ ಆಸೆ ನನಗೆ ಹುಟ್ಟಿದ್ದರೆ ಅದು ಅತಿಯಾಸೆಯಲ್ಲ. ಒಮ್ಮೆ ಕೂಡ್ಲಿಗಿ ಕಡೆ ಕೇಬಲ್ ಕೆಲಸಕ್ಕೆ ಹೋದಾಗ, ಹೊಲದಲ್ಲಿ ಕುರಿಮಂದೆ ನಿಲ್ಲಿಸಿಕೊಂಡಿದ್ದ ಕುರಿಗಾರನೊಬ್ಬ ಕಂಬಳಿಯೊಳಗಿನಿಂದ ಒಂದು ಮರಿ ತೆಗೆದು ನನ್ನ ಕೈಗಿಟ್ಟ. ಖಾಕಿ ಬಣ್ಣ. ಬಲಗಡೆಯ ಭುಜದ ಮೇಲೆ ಮೂರು ಬಿಳಿ ಗೆರೆ, ಪೊಲೀಸ್ ದಫೇದಾರರ ತೋಳಿನ ಪಟ್ಟಿಯ ಹಾಗೆ. ನಾನು ಹೆಚ್ಚು ಯೋಚನೆ ಮಾಡದೆ ‘ದಫೇದಾರ’ ಎಂದು ಹೆಸರಿಟ್ಟೆ. ಯೋಚನೆ ಮಾಡದೆ ಇಟ್ಟ ಹೆಸರು ಎಲ್ಲಿಗೆ ಒಯ್ದು ನಿಲ್ಲಿಸುತ್ತದೆ ಎಂಬುದು ಹತ್ತು ತಿಂಗಳ ನಂತರ ತಿಳಿಯಿತು.

ಅಂದು ನಾನು ಜ್ವರವೆಂದು ರಜೆ ಹಾಕಿದ್ದೆ. ಜ್ವರ ಬಂದದ್ದು ಸುಳ್ಳಲ್ಲ. ರಜಾ ಚೀಟಿ ಕಳಿಸಿದ ಅರ್ಧ ಗಂಟೆಯಲ್ಲಿ ಇಳಿದುಹೋದದ್ದೂ ಸುಳ್ಳಲ್ಲ. ಸ್ವಲ್ಪ ಗಾಳಿಗೆಂದು ನಾಯಿಯನ್ನು ಹಿಡಿದುಕೊಂಡು ಬೀದಿಗೆ ಬಂದೆ. ಎಲ್ಲಿಂದಲೋ ಒಂದು ಆಡು ಅಡ್ಡ ಬಂತು. ಅಷ್ಟೇ. ನನ್ನ ಲುಂಗಿ ಒಂದು ಕೈಯಲ್ಲಿ, ಹಗ್ಗ ಇನ್ನೊಂದು ಕೈಯಲ್ಲಿ. “ಲೇ ದಫೇದಾರ! ನಿಂದ್ರಲೇ! ನಿನ್ನ ಮೀಸಿ ಮಣ್ಣುಗೂಡಲಿ, ನಿಂದ್ರೋ ದಫೇದಾರ!” ಎಂದು ಕೂಗುತ್ತ ನಾನು ಬಸ್ ನಿಲ್ದಾಣದ ಪಕ್ಕದ ಹೋಟೆಲಿನೊಳಕ್ಕೆ ನುಗ್ಗಿದೆ. ಆಡು ಹಿಂಬಾಗಿಲಿನಿಂದ ಪಾರಾಯಿತು. ನಾಯಿ ಮಾತ್ರ ಒಂದು ಮೇಜಿನ ಕೆಳಗೆ ಸಿಕ್ಕಿಕೊಂಡಿತು. ಆ ಮೇಜಿನ ಮೇಲೆ ಒಗ್ಗರಣೆ ಮಂಡಕ್ಕಿ ಇತ್ತು. ಮಂಡಕ್ಕಿಯ ಹಿಂದೆ ನಮ್ಮ ಸಾಹೇಬರಿದ್ದರು.

ಸಾಹೇಬರು ಮೆಣಸಿನಕಾಯಿ ಬಜ್ಜಿಯನ್ನು ಬಾಯಿಗೆ ಅರ್ಧ ಇಟ್ಟುಕೊಂಡೇ ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ, “ಜ್ವರ ಭಾಳ ಜೋರು ಓಡ್ತೈತಲ್ರೀ” ಎಂದರು.

ಅಷ್ಟರಲ್ಲಿ ಪಕ್ಕದ ಮೇಜಿನಿಂದ ಒಬ್ಬ ಎತ್ತರದ ಮುದುಕ ಎದ್ದು ನಿಂತ. ಬೆಳ್ಳಗಿನ ಹುರಿಮೀಸೆ. ಇಸ್ತ್ರಿ ಮಾಡಿದ ಅಂಗಿ. “ಯಾರ್ರೀ ನನ್ನ ಮೀಸಿ ಮಣ್ಣುಗೂಡಲಿ ಅಂದಿದ್ದು?” ಎಂದು ಕೇಳಿದ. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ವಿಚಾರಣೆ ಇತ್ತು. ನಾನು ಮೇಜಿನ ಕೆಳಗೆ ಬೆರಳು ತೋರಿಸಿದೆ. “ನಿಮಗಲ್ರೀ ಯಜಮಾನ್ರ, ಇದಕ್ಕ. ಇದರ ಹೆಸರು ದಫೇದಾರ.” ಹೋಟೆಲಿನವನು ಗಾಬರಿಯಾಗಿ ನನ್ನ ಕಿವಿಯಲ್ಲಿ ಪಿಸುಗುಟ್ಟಿದ: “ಅವರು ಹುಲುಗಪ್ಪ ಅಂತ್ರೀ. ಪೊಲೀಸ್ ನಾಯಿ ದಳದಾಗ ದಫೇದಾರ ಇದ್ರು. ರಿಟೈರ್ ಆಗಿ ಮಗಳ ಮನಿಗೆ ಬಂದಾರ.”

ಭೂಮಿ ಬಾಯಿ ಬಿಡಲಿಲ್ಲ. ಹುಲುಗಪ್ಪನವರು ಚಹಾದ ಲೋಟ ಕೆಳಗಿಟ್ಟು ಬಗ್ಗಿ, ನಾಯಿಯ ಭುಜದ ಮೂರು ಗೆರೆ ನೋಡಿದರು. ಆಮೇಲೆ ನನ್ನ ಕೈಯಿಂದ ಹಗ್ಗ ತೆಗೆದುಕೊಂಡರು. ಅವರು ಬೈಯಲಿಲ್ಲ, ಜಗ್ಗಲಿಲ್ಲ. ಸುಮ್ಮನೆ ನಿಂತರು. ನಾಯಿ ಒಮ್ಮೆ ಎಳೆಯಿತು, ಎರಡು ಸಲ ಎಳೆಯಿತು, ಈ ಮನುಷ್ಯ ಅಲ್ಲಾಡುವ ಪೈಕಿ ಅಲ್ಲ ಎಂದು ತಿರುಗಿ ನೋಡಿತು. ಅದು ತಿರುಗಿ ನೋಡಿದ ಆ ಗಳಿಗೆಯಲ್ಲಿ ಅವರು ಒಂದು ಚೂರು ಬಜ್ಜಿ ಅದರ ಬಾಯಿಗಿಟ್ಟರು. ನಾಯಿ ಕೂತಿತು. ಹತ್ತು ತಿಂಗಳಲ್ಲಿ ನನ್ನೆದುರು ಅದು ತಾನಾಗಿ ಕೂತದ್ದು ನಾನು ನೋಡಿರಲಿಲ್ಲ.

“ನಾಯಿ ಚಲೋ ಐತ್ರಿ” ಎಂದರು ಹುಲುಗಪ್ಪನವರು. ಮುಂದಿನ ಮಾತು ಹೇಳಲಿಲ್ಲ. ಅದು ನನಗೂ ಸಾಹೇಬರಿಗೂ ಕೇಳಿಸಿತು.

ಹೆಸರು ಬದಲಾಯಿಸುತ್ತೇನೆ ಎಂದು ನಾನು ಕೈ ಮುಗಿದಾಗ ಅವರು ಒಪ್ಪಲಿಲ್ಲ. “ಬದ್ಲಿ ಮಾಡಬ್ಯಾಡ್ರಿ ಸರ್. ಮೂವತ್ತು ವರ್ಷ ಮ್ಯಾಲಿನವರು ‘ಏ ದಫೇದಾರ, ಬಾ ಇಲ್ಲಿ’ ಅಂತ ನನ್ನ ಕೂಗ್ಯಾರ. ಈಗ ನಾನೂ ಒಬ್ಬನ್ನ ಕೂಗ್ತೀನಿ, ಇರ್ಲಿ ಬಿಡ್ರಿ” ಎಂದರು. ನಾಯಿಗೆ ಪಾಠ ಹೇಳಿಕೊಡುತ್ತೀರಾ ಎಂದು ಕೇಳಿದೆ. “ನಾಯಿಗೇನು, ಎಂಟು ದಿನದಾಗ ಕಲೀತೈತಿ. ನಿಮ್ಮ ಬಗ್ಗೆ ಹೇಳಾಕ ಆಗಂಗಿಲ್ಲ. ದಿನಾ ಮುಂಜಾನೆ ಒಂದು ತಾಸು ಬರ್ರಿ. ನಾ ಹೇಳಿದ್ದಕ್ಕ ‘ಯಾಕ’ ಅನ್ನಬಾರದು, ಅಷ್ಟ.”

ಮೊದಲ ಪಾಠ ನಿಲ್ಲುವುದು. ನಾಯಿ ಎಳೆದರೆ ನಾನು ನಿಲ್ಲಬೇಕು. ಹಗ್ಗ ಸಡಿಲವಾದರೆ ನಡೆಯಬೇಕು. ಕೇಳಲು ಸುಲಭ. ನಮ್ಮ ಮನೆಯಿಂದ ಬೀದಿಯ ತಿರುವಿಗೆ ನೂರು ಹೆಜ್ಜೆ. ಮೊದಲ ದಿನ ಅಷ್ಟು ದೂರ ಮುಟ್ಟಲು ಒಂದು ತಾಸು ಹಿಡಿಯಿತು. ಎರಡು ಹೆಜ್ಜೆ ನಡೆದು, ಫೋನಿನ ಕಂಬದ ಪಕ್ಕ ಸುಮ್ಮನೆ ಮುಖ ಮೇಲೆತ್ತಿ ನಿಲ್ಲುತ್ತಿದ್ದೆ. ಹಾದುಹೋಗುವವರೆಲ್ಲ ಸೈಕಲ್ಲು ನಿಲ್ಲಿಸಿ, “ಯಾಕ್ರೀ ಫೋನ್ ಸರ್, ಲೈನ್ ಕೆಟ್ಟೈತೇನ್ರಿ?” ಎಂದು ಕೇಳುವರು. ಒಬ್ಬರು ತಮ್ಮ ಮನೆಯ ಫೋನು ಹದಿನೈದು ದಿನದಿಂದ ಸತ್ತಿರುವುದನ್ನು ಅಲ್ಲೇ ದೂರು ಕೊಟ್ಟು, ನಾನು ಕಂಬ ನೋಡುತ್ತ ನಿಂತದ್ದರಿಂದ ಸಮಾಧಾನಪಟ್ಟು ಹೋದರು. ಆ ಫೋನು ಅಂದೇ ಸಂಜೆ ತಾನಾಗಿ ಸರಿಹೋಯಿತಂತೆ. ಎಕ್ಸ್‌ಚೇಂಜಿನಲ್ಲಿ ಆರು ವರ್ಷ ದುಡಿದು ಗಳಿಸದ ಹೆಸರನ್ನು ನಾನು ನಾಯಿಯ ಜೊತೆ ಕಂಬಕ್ಕೊರಗಿ ಗಳಿಸಿದೆ.

ಎರಡನೆಯ ಪಾಠ ಶಾಬಾಷ್ ಎನ್ನುವುದು. ನಾಯಿ ಸರಿಯಾಗಿ ನಡೆದ ಆ ಉಸಿರಿನಲ್ಲೇ ಹೇಳಬೇಕು, ತಡವಾದರೆ ಯಾತಕ್ಕೆ ಹೊಗಳಿದೆ ಎಂದು ಅದಕ್ಕೆ ತಿಳಿಯುವುದಿಲ್ಲ. ಅದೂ ಗಂಡು ಧ್ವನಿಯಲ್ಲಿ ಗದರಿದಂತೆ ಅಲ್ಲ, ಸಣ್ಣ ಧ್ವನಿಯಲ್ಲಿ, ಕೂಸನ್ನು ಆಡಿಸುವ ಹಾಗೆ. ನಾನು ಅಂಗಳದಲ್ಲಿ ಬಗ್ಗಿ, “ಶಾಬಾಷ್ ನನ್ನ ರಾಜಾ, ಶಾಬಾಷ್ ನನ್ನ ಬಂಗಾರ” ಎಂದು ರೊಟ್ಟಿಯ ಚೂರು ಕೊಡುತ್ತಿದ್ದರೆ ಗಿರಿಜಾ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದಳು. “ಹದಿನಾಲ್ಕು ವರ್ಷ ಆತು, ರೊಟ್ಟಿ ಬಡಿದ ನನಗ ಒಮ್ಮೆರ ಶಾಬಾಷ್ ಅಂದೀರೇನು? ರೊಟ್ಟಿ ತಿಂದದ್ದಕ್ಕ ನೋಡ್ರಿ ಅದಕ್ಕೆಷ್ಟು ಉಪಚಾರ.” ಮರುದಿನ ಊಟದ ಹೊತ್ತಿಗೆ ನಾನು ಧೈರ್ಯ ಮಾಡಿ, ಕಲಿತ ಧ್ವನಿಯಲ್ಲೇ ಅವಳಿಗೆ “ಶಾಬಾಷ್” ಎಂದೆ. ಅವಳು ರೊಟ್ಟಿ ಹಂಚಿನ ಮೇಲೆ ಬಿಟ್ಟು ನನ್ನ ಹಣೆ ಮುಟ್ಟಿ ನೋಡಿದಳು.

ಒಂದು ತಿಂಗಳಲ್ಲಿ ದಫೇದಾರ ನನ್ನ ಎಡಗಾಲಿನ ಪಕ್ಕ ಹಗ್ಗ ಜೋತಾಡುವ ಹಾಗೆ ನಡೆಯತೊಡಗಿತು. ಆಡು ಬಂದರೂ ಒಮ್ಮೆ ನನ್ನ ಮುಖ ನೋಡುವುದು, ಮುಂದೆ ನಡೆಯುವುದು. ಹುಲುಗಪ್ಪನವರು ಹೊಗಳಲಿಲ್ಲ. “ಇದು ಅಕ್ಷರಾಭ್ಯಾಸ. ನಾಯಿಗೆ ದೇವರು ಕೊಟ್ಟಿದ್ದು ಕಾಲಲ್ಲ, ಮೂಗು. ಅದಕ್ಕ ಕೆಲಸ ಕೊಡಬೇಕು” ಎಂದರು.

ಇಲ್ಲಿ ನನ್ನದೊಂದು ಗುಟ್ಟು ಹೇಳಬೇಕು. ನನಗೆ ಮೂಗಿದೆ, ವಾಸನೆ ಇಲ್ಲ. ಚಿಕ್ಕಂದಿನಲ್ಲಿ ಬಂದ ಯಾವುದೋ ನೆಗಡಿ ಹೋಗುವಾಗ ಅದನ್ನೂ ಒಯ್ದಿತು. ಹಡಗಲಿಯಂಥ ಊರಿನಲ್ಲಿ, ಮಲ್ಲಿಗೆ ಬುಟ್ಟಿಗಳು ಬಸ್ಸಿನ ನೆತ್ತಿಯ ಮೇಲೇರಿ ಹೊರಟರೆ ಬಸ್ಸಿನ ಹೊಗೆಯೂ ಘಮಘಮಿಸುತ್ತದೆ ಎನ್ನುವ ಊರಿನಲ್ಲಿ, ನಾನು ಆರು ವರ್ಷ ಇದ್ದು ಒಂದು ಮೊಗ್ಗಿನ ಪರಿಮಳ ಕಂಡವನಲ್ಲ. ಇದನ್ನು ನಾಚುತ್ತ ಹೇಳಿದಾಗ ಹುಲುಗಪ್ಪನವರ ಮೀಸೆ ಅರಳಿತು. “ಭಾಳ ಚಲೋ ಆತು ಸರ್! ಮೂಗಿದ್ದವರದು ದೊಡ್ಡ ಕಾಟ. ತಾವೂ ಮೂಸಿ, ನಾಯಿಗೆ ಬುದ್ಧಿ ಹೇಳಾಕ ಹೋಗ್ತಾರ.”

ಐದು ಡಬ್ಬಿ ಬೋರಲು ಹಾಕಿ, ಒಂದರ ಕೆಳಗೆ ನನ್ನ ಬೆವರಿನ ಕರವಸ್ತ್ರ ಇಡುವುದು. ಅದೇ ವಾಸನೆಯ ಇನ್ನೊಂದು ಬಟ್ಟೆಯನ್ನು ನಾಯಿಗೆ ಮೂಸಿಸಿ, “ಹುಡುಕು” ಎನ್ನುವುದು. ಸಿಕ್ಕರೆ ಅದು ಬೊಗಳಬಾರದು, ಕೆರೆಯಬಾರದು. ಅದರ ಮುಂದೆ ಕೂರಬೇಕು. ಮೂರನೆಯ ದಿನವೇ ದಫೇದಾರ ಹತ್ತಕ್ಕೆ ಹತ್ತು ಸಲ ಸರಿಯಾದ ಡಬ್ಬಿಯ ಮುಂದೆ ಕೂತಿತು. ನಾನು ಹಿಗ್ಗಿ ಗಿರಿಜಾಳನ್ನು ಕರೆದೆ. ಹುಲುಗಪ್ಪನವರು ಮಾತ್ರ ನನ್ನನ್ನು ಹಿತ್ತಲಿಗೆ ಕಳಿಸಿ, ನನಗೆ ಗೊತ್ತಾಗದಂತೆ ಕರವಸ್ತ್ರದ ಜಾಗ ಬದಲಿಸಿದರು. ಕರೆದಾಗ ಬಂದು “ಹುಡುಕು” ಎಂದೆ. ನಾಯಿ ಐದೂ ಡಬ್ಬಿ ಸುತ್ತಿತು, ನನ್ನ ಮುಖ ನೋಡಿತು, ಮತ್ತೆ ಸುತ್ತಿತು, ಮತ್ತೆ ನನ್ನ ಮುಖ ನೋಡಿತು, ಕೊನೆಗೆ ಬೇಜಾರಾಗಿ ಒಂದು ಖಾಲಿ ಡಬ್ಬಿಯ ಮುಂದೆ ಕೂತಿತು.

“ಕಂಡ್ರೇನ್ರಿ? ಇಷ್ಟು ದಿನ ಅದು ಡಬ್ಬಿ ಮೂಸಿಲ್ಲ. ನಿಮ್ಮ ಮಾರಿ ಓದೈತಿ. ನಿಮ್ಮ ಕಣ್ಣು ಎತ್ತಾಗ ಹೋಗ್ತಾವ, ಉಸಿರು ಎಲ್ಲಿ ಹಿಡೀತೀರಿ, ಎಲ್ಲಾ ಅದಕ್ಕ ಗೊತ್ತು” ಎಂದರು. ನನ್ನ ಮುಖ ಇಷ್ಟು ಸ್ಪಷ್ಟವಾದ ಬರಹ ಎಂದು ನನಗೆ ಗೊತ್ತಿರಲಿಲ್ಲ. ಗಿರಿಜಾಗೆ ಗೊತ್ತಿತ್ತಂತೆ.

ಅಂದು ಚಹಾ ಕುಡಿಯುವಾಗ ಅವರು ರಾಣಿಯ ವಿಷಯ ಹೇಳಿದರು. ರಾಣಿ ಅವರ ಜೊತೆ ಎಂಟು ವರ್ಷ ಕೆಲಸ ಮಾಡಿದ ಡಾಬರ್‌ಮನ್. ಹೆಸರು ಹೇಳುವಾಗ ಅವರು ಸ್ವಲ್ಪ ನೆಟ್ಟಗೆ ಕೂರುತ್ತಿದ್ದರು. ಯಾವುದೋ ಹಳ್ಳಿಯಲ್ಲಿ ಕಳ್ಳತನವಾಗಿತ್ತು. ಊರಿನವರೆಲ್ಲ ಒಬ್ಬ ಕೂಲಿಯವನ ಮೇಲೆ ಬೆರಳು ಮಾಡಿದರು. ರಾಣಿ ಅವನ ಮನೆ ದಾಟಿ ಹೊರಟಳು. ಇವರು ಹಗ್ಗ ಹಿಡಿದು ನಿಂತರು. “ಅಕಿ ತಿರುಗಿ ನನ್ನ ನೋಡಿದ್ಲು ಸರ್. ನಾ ಆ ಮನಿ ಕಡೆ ನೋಡಾಕತ್ತಿದ್ದೆ. ಬಂದು ಅವನ ಬಾಗ್ಲ ಮುಂದ ಕುಂತ್ಲು. ಆ ಮನಷ್ಯಾ ಎರಡು ದಿನ ಸ್ಟೇಷನ್ನಿನ್ಯಾಗ ಕುಂತ. ಮೂರನೇ ದಿನ ಖರೇ ಕಳ್ಳ ಬ್ಯಾರೆ ಕಡೆ ಸಿಕ್ಕ. ಎಲ್ಲಾರೂ ನಾಯಿ ತಪ್ಪು ಮಾಡ್ತು ಅಂದ್ರು. ನಾ ಸುಮ್ಮನಿದ್ದೆ.” ಆಮೇಲೆ, “ಅಕಿ ತಪ್ಪು ಮಾಡಿದ್ದಿಲ್ಲ” ಎಂದು ಲೋಟ ಕೆಳಗಿಟ್ಟರು. ಗಿರಿಜಾ ಒಳಗೆ ಹೋಗಿ ಇನ್ನೊಂದು ಲೋಟ ಚಹಾ ತಂದಳು, ಅವರು ಬೇಡವೆಂದರೂ.

ಅಂದಿನಿಂದ ಡಬ್ಬಿ ಇಡುವ ಕೆಲಸ ಗಿರಿಜಾಳದು, ಗೋಡೆ ನೋಡುತ್ತ ನಿಲ್ಲುವ ಕೆಲಸ ನನ್ನದು. ಕರವಸ್ತ್ರ ಹೋಗಿ ಬಳೆ ಬಂತು, ಬೀಗದ ಕೈ ಬಂತು, ಗುಂಡಿ ಬಂತು. ಅಂಗಳ ಹೋಗಿ ಬಯಲು ಬಂತು. ಯಾರು ಮುಟ್ಟಿದ ವಸ್ತುವನ್ನು ಎಲ್ಲಿ ಎಸೆದರೂ ದಫೇದಾರ ಹುಡುಕಿ ಮುಂದೆ ಕೂರುತ್ತಿತ್ತು. ನನಗೆ ಕಾಣದ ಒಂದು ಲೋಕ ಅದರ ಮೂಗಿನ ತುದಿಯಲ್ಲಿ ತೆರೆದುಕೊಂಡಿತ್ತು. ಎಡಕ್ಕೆ ಎರಡು ಸಲ ಮೂಸಿ, ತಲೆಯೆತ್ತಿ ಗಾಳಿ ಹಿಡಿದು, ಮತ್ತೆ ನೆಲಕ್ಕಿಳಿಯುವ ಆ ಕುರಿಗಾರರ ನಾಯಿಯನ್ನು ನೋಡುತ್ತ ನಿಂತರೆ ನನಗೆ ಆಫೀಸಿನ ಹೊತ್ತು ಮರೆತುಹೋಗುತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ದಿನವೂ ಹೂ ಕೊಡುವ ದುರುಗಮ್ಮ ಬರಿಗೈಯಲ್ಲಿ ಬಂದಳು. ಸೆರಗನ್ನು ಕೊರಳಿಗೆ ಬಿಗಿಯಾಗಿ ಸುತ್ತಿಕೊಂಡಿದ್ದಳು. ಗಿರಿಜಾಳನ್ನು ಒಳಗೆ ಕರೆದು ಏನೋ ಹೇಳಿದಳು. ಅವಳು ಕೊಟ್ರಗೌಡರ ಮಲ್ಲಿಗೆ ತೋಟದಲ್ಲಿ ಮೊಗ್ಗು ಬಿಡಿಸುವವಳು. ಅಂದು ಬೆಳಗಾಗುತ್ತಲೇ ತೋಟಕ್ಕೆ ಹೋಗಿದ್ದಾಳೆ, ಕೆಲಸ ಮುಗಿಸಿ ಮನೆಗೆ ಬಂದು ನೋಡಿದರೆ ಕೊರಳಲ್ಲಿ ತಾಳಿ ಇಲ್ಲ. ಗಂಡ ದಾವಣಗೆರೆಯ ಆಸ್ಪತ್ರೆಯಲ್ಲಿದ್ದಾನೆ. ಮರುದಿನ ಬೆಳಿಗ್ಗೆ ಹೊಟ್ಟೆಯ ಆಪರೇಷನ್. ಒಂದು ಗಂಟೆಯ ಬಸ್ಸಿಗೆ ಇವಳು ಹೊರಡಬೇಕು.

“ಬರಿ ಕೊರಳಿಲೆ ಅಲ್ಲಿಗೆ ಹೆಂಗ ಹೋಗ್ಲಿ ಅಕ್ಕಾರ? ಅತ್ತಿ ಅವನ ಹತ್ರನ ಕುಂತಾಳ. ನೋಡಿದ್ರ ಎದಿ ಒಡಕೊಂತಾಳ. ಅವನಂತೂ ಮೊದ್ಲ ಅಂಜುಬುರುಕ, ಆಪರೇಸನ್ನ ಬ್ಯಾಡ ಅಂತ ಎದ್ದು ಬಂದುಬಿಡ್ತಾನ” ಎಂದಳು. ಅಳಲಿಲ್ಲ. ಅಳುವುದಕ್ಕೆ ಬಿಡುವಿಲ್ಲದವಳ ಹಾಗೆ ಗೋಡೆಯ ಗಡಿಯಾರ ನೋಡುತ್ತಿದ್ದಳು. ಹತ್ತು ಗಂಟೆಯಾಗಿತ್ತು.

ಗಿರಿಜಾ ನನ್ನ ಕಡೆ ತಿರುಗಿದಳು. “ಏನ್ ನೋಡ್ತೀರಿ? ಕಟ್ರಿ ದಫೇದಾರನ್ನ. ದೊಡ್ಡ ದಫೇದಾರರನ್ನೂ ಕರೀರಿ.”

ಗಿರಿಜಾಳೂ ಸೇರಿ ಎಲ್ಲರೂ ತೋಟಕ್ಕೆ ಹೋದಾಗ ಕೊಟ್ರಗೌಡರು ಬೇವಿನ ಮರದ ನೆರಳಿನಲ್ಲಿ, ಮಡಚಿಟ್ಟ ಹಸಿ ಗೋಣಿಚೀಲಗಳ ಮೇಲೆ ಕೂತು ಎಲೆ ಹಾಕುತ್ತಿದ್ದರು. ಒಳ್ಳೆಯ ಮನುಷ್ಯ, ಬೆಳಗಿನಿಂದ ಆಳುಗಳನ್ನು ಹಚ್ಚಿ ಹುಡುಕಿಸಿದ್ದರು. “ಸಾಲೆಲ್ಲಾ ಜಾಲಾಡೇವ್ರಿ. ಅಕಿ ಮಾರಿ ತೊಳಕೊಂಡಿದ್ದು ಪಂಪಿನ ಹತ್ರ. ಅಲ್ಲೇ ಕೆಸರಿನ್ಯಾಗ ಹೋಗೈತಿ, ನಾ ಬರಕೊಡ್ತೀನಿ. ಇಲ್ಲಾ ಅಂದ್ರ ಹೂವಿನ ಬುಟ್ಟಿ ಕೂಡ ಬಸ್ ಹತ್ತೈತಿ. ಇಷ್ಟು ಮಲ್ಲಿಗಿ ವಾಸನಿಯಾಗ ನಿಮ್ಮ ನಾಯಿ ಏನು ಹುಡುಕೀತು ಬಿಡ್ರಿ” ಎಂದರು.

“ವಾಸನಿ ನಮಗ ಜಾಸ್ತಿರಿ ಗೌಡ್ರ. ಅದಕ್ಕ ಮಲ್ಲಿಗಿ ಬ್ಯಾರೆ, ದುರುಗಮ್ಮ ಬ್ಯಾರೆ” ಎಂದರು ಹುಲುಗಪ್ಪನವರು. ದುರುಗಮ್ಮ ತಲೆಯ ಮೇಲೆ ಬುಟ್ಟಿ ಇಡುವಾಗ ಸುತ್ತಿಕೊಳ್ಳುವ ಸಿಂಬಿಯ ಬಟ್ಟೆ ಬಿಚ್ಚಿ ದಫೇದಾರನಿಗೆ ಮೂಸಿಸಿದೆವು. ಉದ್ದ ಹಗ್ಗ ಹಾಕಿ, ಗಾಳಿಗೆದುರಾಗಿ ಸಾಲು ಹಿಡಿದೆವು. ಎರಡನೆಯ ಸಾಲಿನಲ್ಲೇ ನಾಯಿ ಗಿಡದ ಬುಡವೊಂದರ ಮುಂದೆ ಕೂತಿತು. ನಾನು ಬಗ್ಗಿದೆ. ಕೈ ಹಾಕಿದರೆ ಒಂದು ಎಲೆಅಡಿಕೆಯ ಚೀಲ.

“ಅಯ್ಯ, ನನ್ನ ಚೀಲ! ಮೂರು ದಿನ ಆಗಿತ್ತಲ್ಲ ಕಳೆದು” ಎಂದಳು ದುರುಗಮ್ಮ. ಜೊತೆಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ಗೌಡರು ದೂರದಿಂದ, “ಇನ್ನ ಚಂಚಿ ಪಂಚಿ ಎಲ್ಲಾ ಸಿಗತಾವ ನೋಡ್ರಿ! ತಾಳಿ ಪಂಪಿನ ಹತ್ರ ಐತಿ ಅಂತ ಹೇಳ್ದೆನಲ್ಲ” ಎಂದು ಕೂಗಿದರು.

ಇನ್ನು ಆರು ಸಾಲು ಹೋಯಿತು. ಏನೂ ಇಲ್ಲ. ಹನ್ನೊಂದೂವರೆಯಾಯಿತು. ಗೌಡರು ಪಂಪು ಎಂದರು, ಆಳುಗಳು ಪಂಪು ಎಂದರು, ದುರುಗಮ್ಮನೂ ಸಣ್ಣ ಧ್ವನಿಯಲ್ಲಿ, “ಅಲ್ಲೂ ಒಮ್ಮೆ ನೋಡೋಣ್ರಿ ಅಣ್ಣಾರ” ಎಂದಳು. ಹುಲುಗಪ್ಪನವರು ನೀರು ಕುಡಿಯಲು ಹೋಗಿದ್ದರು. ನಾನು ನಾಯಿಯನ್ನು ಪಂಪಿನ ಕಡೆ ತಿರುಗಿಸಿದೆ. ಅದು ಒಂದು ಕ್ಷಣ ಬೇವಿನ ಮರದ ಕಡೆ ಮೂಗೆತ್ತಿತು. ನಾನು “ಬಾ” ಎಂದೆ. ಹಗ್ಗ ಬಿಗಿಯಾಗಲೇ ಇಲ್ಲ. ನಾನು ಕಲಿಸಿದ ಶಿಸ್ತಿನಲ್ಲಿ ನನ್ನ ಎಡಗಾಲಿಗೆ ಅಂಟಿಕೊಂಡು ಬಂತು. ಪಂಪಿನ ಹತ್ತಿರ ಕೆಸರು ಮೂಸಿ, ನನ್ನ ಮುಖ ನೋಡಿ, ಕೂತಿತು.

“ಸಿಕ್ಕಿತು!” ಎಂದು ನಾನು ಕೂಗಿದೆ. ಹತ್ತು ಜನ ಕೆಸರಿಗಿಳಿದರು. ಬೊಗಸೆ ಬೊಗಸೆ ಎತ್ತಿ ಸೋಸಿದರು. ಅರ್ಧ ತಾಸು. ಒಂದು ಹಳೆಯ ಬೋಲ್ಟು ಸಿಕ್ಕಿತು. ದುರುಗಮ್ಮ ಕೆಸರಿನ ಕೈಯನ್ನು ಎದುರಿಗೆ ಹಿಡಿದುಕೊಂಡು ನಿಂತಳು. ನಾನು ನಾಯಿಯನ್ನು ಬೈಯಲು ಬಾಯಿ ತೆಗೆದೆ.

ಹುಲುಗಪ್ಪನವರು ಪಕ್ಕಕ್ಕೆ ಬಂದು, ಬೇರೆಯವರಿಗೆ ಕೇಳಿಸದಂತೆ, “ಅದಕ್ಕ ಬೈಬ್ಯಾಡ್ರಿ ಸರ್. ಅದು ಹೇಳಿದ್ದಲ್ಲ ಇದು. ನೀವು ಹೇಳಿದ್ದು” ಎಂದರು. ಆಮೇಲೆ ನನ್ನ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಕಣ್ಣಿಗೆ ಕಟ್ಟಿದರು. “ನಾನೂ ಆ ಕಡೆ ತಿರುಗಿ ನಿಂದರ್ತೀನಿ. ಯಾರೂ ಮಾತಾಡಬ್ಯಾಡ್ರಿ. ಅದು ಎತ್ತಾಗ ಹೋದ್ರೂ ಹೋಗ್ರಿ. ಹಗ್ಗ ಸಡಿಲ ಇರ್ಲಿ.”

ಕಣ್ಣು ಕಟ್ಟಿಸಿಕೊಂಡು ನಾಯಿಯ ಹಿಂದೆ ನಡೆಯುವ ಸರ್ಕಾರಿ ನೌಕರನ ಸ್ಥಿತಿಯನ್ನು ನೀವೇ ಊಹಿಸಿ. ಮೂಗು ಮೊದಲೇ ಇಲ್ಲ, ಈಗ ಕಣ್ಣೂ ಇಲ್ಲ. ಗಿಡದ ರೆಂಬೆ ಪಂಚೆಗೆ ಸಿಗುತ್ತಿತ್ತು. ಹೆಂಗಸರ ಕಿಸಿಕಿಸಿ ನಗು ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಕೇಳಿಸುತ್ತಿತ್ತು. ಬದುವೊಂದನ್ನು ಎಡವಿ ಮಂಡಿಯೂರಿದೆ; ನಾಯಿ ನಿಂತು ಕಾದಿತು, ನಾನು ಎದ್ದ ಮೇಲೆ ಹೊರಟಿತು. ಕಾಲ ಕೆಳಗಿನ ಹಸಿ ಮಣ್ಣು ಹೋಗಿ ಒಣ ನೆಲ ಬಂತು. ಬಿಸಿಲು ಹೋಗಿ ನೆರಳು ಬಂತು. ಹಗ್ಗ ಜೋತುಬಿತ್ತು. ನಗು ನಿಂತಿತು.

“ಏ! ನನ್ನ ಮುಂದ ಯಾಕ ಕುಂತೈತ್ರೀ ಇದು?” ಕೊಟ್ರಗೌಡರ ಧ್ವನಿ.

ನಾನು ಟವೆಲ್ ಕಿತ್ತೆ. ದಫೇದಾರ ಗೌಡರ ಎದುರಿಗೆ, ಅವರ ಮೊಣಕಾಲಿಗೆ ಒಂದು ಮೊಳ ದೂರದಲ್ಲಿ, ಕದಲದೆ ಕೂತಿತ್ತು. ನಾನು ಅದರ ಮುಖ ನೋಡಿದೆ. ಅದು ನನ್ನ ಮುಖ ನೋಡಲಿಲ್ಲ. ಗೌಡರ ಕೈಯಲ್ಲಿದ್ದ ಎಲೆ ಕೆಳಗೆ ಬಿತ್ತು. ಹಿಂದೆ ಆಳುಗಳು ಒಬ್ಬರನ್ನೊಬ್ಬರು ನೋಡಿಕೊಂಡರು. ಯಾರೋ, “ಅಂದ್ರ ಗೌಡ್ರ...” ಎಂದು ಶುರುಮಾಡಿದರು.

“ಬಾಯಿ ಮುಚ್ರಿ!” ಹುಲುಗಪ್ಪನವರ ಆ ಧ್ವನಿ ನಾನು ಅದುವರೆಗೆ ಕೇಳಿರಲಿಲ್ಲ. ಅವರು ಓಡುತ್ತಲೇ ಬಂದರು. “ಯಾರೂ ಒಂದು ಮಾತು ಆಡಬ್ಯಾಡ್ರಿ. ನಾಯಿ ಮನಷ್ಯಾನ್ನ ತೋರಿಸಾಕತ್ತಿಲ್ಲ. ಜಾಗ ತೋರಿಸಾಕತ್ತೈತಿ.” ಆಮೇಲೆ ಮೆತ್ತಗೆ, “ಗೌಡ್ರ, ಸ್ವಲ್ಪ ಎದ್ದು ಈ ಕಡೆ ನಿಂದರ್ರಿ” ಎಂದು ತಾವೇ ಅವರ ಕೈ ಹಿಡಿದು ಎಬ್ಬಿಸಿದರು.

ಮೇಲಿನ ಗೋಣಿಚೀಲ ಬಿಚ್ಚಿದರು, ಏನೂ ಇಲ್ಲ. ಎರಡನೆಯದನ್ನು ಬಿಚ್ಚುವಾಗ ಅದರ ಮಡಿಕೆಯಲ್ಲಿ ನಾರಿಗೆ ಸಿಕ್ಕಿಕೊಂಡು, ಹರಿದ ದಾರದ ಸಮೇತ, ಕರಿಮಣಿಯ ನಡುವೆ ತಾಳಿಯ ಎರಡು ಬಂಗಾರದ ಬಟ್ಟಲು ಹೊಳೆದವು. ಆಗ ಎಲ್ಲರಿಗೂ ಹೊಳೆಯಿತು. ಬಿಡಿಸಿದ ಮೊಗ್ಗನ್ನು ಹೆಂಗಸರು ಉಡಿಯಲ್ಲಿ ಕಟ್ಟಿಕೊಂಡು ಬಂದು ಆ ಗೋಣಿಯ ಮೇಲೆ ಸುರಿಯುತ್ತಾರೆ. ರೆಂಬೆಗೆ ಸಿಕ್ಕಿ ಹರಿದ ತಾಳಿ ಉಡಿಗೆ ಬಿದ್ದಿದೆ, ಮೊಗ್ಗಿನ ಜೊತೆ ಗೋಣಿಗೆ ಬಂದಿದೆ. ಮೊಗ್ಗು ಬುಟ್ಟಿ ಸೇರಿ ಊರು ಬಿಟ್ಟಿದೆ, ತಾಳಿ ನಾರಿನಲ್ಲಿ ಉಳಿದಿದೆ, ಗೋಣಿ ಮಡಚಿದ್ದಾರೆ, ಅದರ ಮೇಲೆ ಗೌಡರು ಕೂತು ಎರಡು ತಾಸು ಪಂಪಿನ ದಾರಿ ತೋರಿಸಿದ್ದಾರೆ.

ದುರುಗಮ್ಮ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಬೆಳಗಿನಿಂದ ತಡೆದದ್ದೆಲ್ಲ ಈಗ ಬಂತು. ದಫೇದಾರ ಹತ್ತಿರ ಹೋಗಿ ಅವಳ ಕೆಸರಿನ ಕೈ ನೆಕ್ಕಿತು. ಅವಳು ಅದನ್ನು ತಬ್ಬಿಕೊಂಡು, “ಯಪ್ಪಾ ದಫೇದಾರ, ನೀ ಯಾವ ದೇವರೋ” ಎಂದಳು. ಗಿರಿಜಾ ಅರಿಶಿನದ ದಾರ ಹೊಸೆದು ತಾಳಿ ಪೋಣಿಸಿ ಕಟ್ಟಿದಳು. ಗೌಡರು ತಮ್ಮ ಮೋಟಾರ್ ಸೈಕಲ್ಲಿನಲ್ಲಿ ಬಸ್ ನಿಲ್ದಾಣಕ್ಕೆ ಬಿಡುತ್ತೇನೆಂದು ನಿಂತರು. ಹೊರಡುವ ಮುಂಚೆ ಹುಲುಗಪ್ಪನವರ ಹತ್ತಿರ ಬಂದು, “ನೀವು ಆ ಮಾತು ತಡೀಲಿಲ್ಲಂದ್ರ ನನ್ನ ಗತಿ ಏನಾಗ್ತಿತ್ರೀ” ಎಂದರು. ಹುಲುಗಪ್ಪನವರು ನಾಯಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಬಹಳ ಹೊತ್ತು ಅದರ ಕಿವಿ ಸವರಿದರು. ಅವರ ಕಣ್ಣು ಒದ್ದೆಯಾದದ್ದು ನೋಡಿ ನಾನು ಟವೆಲ್ಲನ್ನು ಮಡಚುವ ನೆವದಲ್ಲಿ ಆ ಕಡೆ ತಿರುಗಿದೆ.

ಆಪರೇಷನ್ ಸುಸೂತ್ರವಾಯಿತು. ಇಪ್ಪತ್ತು ದಿನದ ಮೇಲೆ ದುರುಗಮ್ಮ ಗಂಡನನ್ನು ಕರೆದುಕೊಂಡು ಬಂದು ತೋರಿಸಿದಳು. ಆತ ಆಸ್ಪತ್ರೆಯ ಸೂಜಿಗಿಂತ ಹೆಚ್ಚಾಗಿ ನಮ್ಮ ನಾಯಿಗೆ ಹೆದರಿ ಕಟ್ಟೆಯ ಮೇಲೇ ನಿಂತಿದ್ದ.

ಸುದ್ದಿ ಹಬ್ಬಿತು. ಹೊಳಲಿನಿಂದ ಒಬ್ಬರು ಕಳೆದ ಎಮ್ಮೆಗಾಗಿ ಬಂದರು. ಹರಪನಹಳ್ಳಿಯ ಒಬ್ಬ ಹೆಣ್ಣುಮಗಳು, ಹೇಳದೆ ಹೋದ ಗಂಡನ ಅಂಗಿ ತಂದು, ಸಿಕ್ಕರೆ ನಾಯಿ ಒಂದು ಸಲ ಕಚ್ಚಲಿ ಎಂದೂ ಕೇಳಿಕೊಂಡಳು. ಫೋನಿನಲ್ಲಿ ಬೈಗುಳ ಕಡಿಮೆಯಾಗಿ ನಮಸ್ಕಾರ ಹೆಚ್ಚಾದವು. ಸಾಹೇಬರು ಕೂಡ ನನ್ನನ್ನು ಕರೆದು ಕೂರಿಸಿ ಮಾತಾಡಿಸಿದರು. ಇಷ್ಟು ಗಾಳಿ ತುಂಬಿದ ಮೇಲೆ ಯಾರಾದರೂ ಉಬ್ಬದೆ ಇರುತ್ತಾರೆಯೇ? ಹೈಸ್ಕೂಲಿನ ವಾರ್ಷಿಕೋತ್ಸವಕ್ಕೆ ನನ್ನನ್ನೂ ದಫೇದಾರನನ್ನೂ ಕರೆದರು. ನಾನು ಇಸ್ತ್ರಿ ಹಾಕಿಸಿ ವೇದಿಕೆ ಹತ್ತಿದೆ. ನಾಯಿಯ ಮೂಗು, ಗಾಳಿಯ ದಿಕ್ಕು, ಹಗ್ಗದ ಶಿಸ್ತು ಎಂದು ಮುಕ್ಕಾಲು ತಾಸು ಮಾತಾಡಿದೆ. ‘ನಾನು ಕಂಡುಕೊಂಡ ವಿಧಾನವೇನೆಂದರೆ’ ಎಂದು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಹುಲುಗಪ್ಪನವರು ಮುಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳುತ್ತಿದ್ದರು. ನಾನು ಆ ಕಡೆ ಹೆಚ್ಚು ನೋಡಲಿಲ್ಲ.

ಮಾತು ಮುಗಿದ ಮೇಲೆ ಮುಖ್ಯೋಪಾಧ್ಯಾಯಿನಿ ಎದ್ದು ನಿಂತು, “ಇಷ್ಟು ಚೆಂದ ತರಬೇತಿ ಕೊಟ್ಟವರು ಯಾರು ಸರ್?” ಎಂದು ಕೇಳಿದರು. ಕೈಯಲ್ಲಿ ಶಾಲು ಇತ್ತು. ಅದನ್ನು ನೋಡಿದ ನನ್ನ ಬಾಯಿ ನನ್ನನ್ನು ಕೇಳದೆ, “ನಾನೇ” ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಲುಗಪ್ಪನವರು ಮೊಮ್ಮಗಳ ಎರಡು ಕೈ ಹಿಡಿದು ಅವಳ ಕೈಯಲ್ಲೂ ತಟ್ಟಿಸಿದರು.

ದಫೇದಾರ ಎದ್ದು ನಿಂತಿತು. ನನ್ನ ಕೈಯಲ್ಲಿ ಹಗ್ಗವಿತ್ತು. ನಾನು ಎಳೆಯಬಹುದಾಗಿತ್ತು, ಎಳೆಯಲಿಲ್ಲ. ಅದು ವೇದಿಕೆಯ ಮೂರು ಮೆಟ್ಟಿಲು ನಿಧಾನವಾಗಿ ಇಳಿಯಿತು, ನಾನು ಹಿಂದೆ ಇಳಿದೆ. ಮುಂದಿನ ಸಾಲಿನ ಗಣ್ಯರನ್ನೆಲ್ಲ ದಾಟಿ, ಕೊನೆಯ ಕುರ್ಚಿಯ ಎದುರಿಗೆ ಹೋಗಿ, ನೆಟ್ಟಗೆ ಕೂತಿತು. ಶಾಲು ಹಿಡಿದ ಮುಖ್ಯೋಪಾಧ್ಯಾಯಿನಿ ಒಮ್ಮೆ ನಾಯಿಯನ್ನು, ಒಮ್ಮೆ ನನ್ನನ್ನು ನೋಡಿದರು. ನನ್ನ ಮುಖದ ಬರಹ ಅವರಿಗೂ ಓದಲು ಬಂತು. ಇಳಿದು ಬಂದು ಶಾಲನ್ನು ಹುಲುಗಪ್ಪನವರಿಗೆ ಹೊದಿಸಿದರು.

ನಾನು ತಲೆ ತಗ್ಗಿಸಿ ನಿಂತಿದ್ದೆ. ಹುಲುಗಪ್ಪನವರು ಶಾಲಿನ ಅಂಚು ಸರಿಮಾಡಿಕೊಂಡು, ನನಗೆ ಮಾತ್ರ ಕೇಳಿಸುವಂತೆ, ಆ ಸಣ್ಣ ಧ್ವನಿಯಲ್ಲಿ ಹೇಳಿದರು: “ಶಾಬಾಷ್ ಸರ್. ಇವತ್ತು ಹಗ್ಗ ಒಂಚೂರೂ ಬಿಗಿ ಹಿಡೀಲಿಲ್ಲ ನೀವು.”